ಪ್ಲಸ್ ಟುವಿನಲ್ಲಿ ಒಳ್ಳೆ ಮಾರ್ಕು ಬಂದವರಿಗೆ ನಾಲ್ಕು ವರ್ಷದ ಆನರ್ಸ್‌ನಲ್ಲಿ ಎಂತ ಉಂಟು?

ಮಧೂರು ದಾರಿ

ಪ್ಲಸ್ ಟು ರಿಸಲ್ಟ್ ಬಂತು ಅಂದರೆ ನಮ್ಮ ಕಡೆಯ ಮನೆಗಳಲ್ಲಿ ಒಂದೇ ಮಾತು: ಮಂಗಳೂರಿಗಾ, ಇಲ್ಲೇ ಕಾಸರಗೋಡಿನಲ್ಲಾ? ಈಗ ಅದರ ಜೊತೆ ಇನ್ನೊಂದು ಸೇರಿದೆ, "ಆನರ್ಸ್ ಉಂಟಂತೆ, ನಾಲ್ಕು ವರ್ಷವಂತೆ". ಕಲಿಯುವುದರಲ್ಲಿ ಮುಂದಿರುವ ಮಕ್ಕಳಿಗೆ ಇದರಿಂದ ನಿಜವಾಗಿ ಸಿಗುವುದು ಎಂತ? ಹೆಚ್ಚು ಮಾರ್ಕು ತೆಗೆದವರಿಗೆ ಮಾತ್ರ ಸೀಟು ಕೊಡುವ ಬೇರೆಯೇ ಕೋರ್ಸಾ ಇದು? ಕನ್ನಡ ಮೇಜರ್ (ಮುಖ್ಯ ವಿಷಯ) ತೆಗೆದುಕೊಂಡವರಿಗೂ ಇದೇ ಲೆಕ್ಕವಾ? ಗೊತ್ತಿದ್ದವರು ಬಿಡಿಸಿ ಬರೆಯಿರಿ. ಅಲಾಟ್‌ಮೆಂಟ್ ಶುರುವಾಗುವ ಮೊದಲು ನಾಲ್ಕು ಮನೆಯವರಿಗೆ ಉಪಕಾರವಾದೀತು.

ನೆಲ್ಲಿಕುಂಜೆ ಟೀಚರ್

ಮೊದಲು ಶಬ್ದದ ಗೊಂದಲ ತೀರಿಸೋಣ, ಅರ್ಧ ತೊಂದರೆ ಅಲ್ಲೇ ಇರುವುದು. ಆನರ್ಸ್ ಅಂತ ಮೂರು ಬೇರೆ ಬೇರೆ ಸಂಗತಿಗಳಿಗೆ ಹೇಳುತ್ತಾರೆ.

ದೆಹಲಿ ಕಡೆಯ ಹಳೆಯ ಬಿ.ಎ. ಆನರ್ಸ್ ಎಂದರೆ ಒಂದೇ ವಿಷಯವನ್ನು ಆಳವಾಗಿ ಕಲಿಯುವ ಮೂರು ವರ್ಷದ ಡಿಗ್ರಿ. ಅಮೆರಿಕದಲ್ಲಿ ಆನರ್ಸ್ ಪ್ರೋಗ್ರಾಂ ಎಂದರೆ ಒಂದೇ ವಿಶ್ವವಿದ್ಯಾಲಯದ ಒಳಗೆ ಚುರುಕಿನ ವಿದ್ಯಾರ್ಥಿಗಳಿಗೆಂದೇ ಮಾಡಿದ ವ್ಯವಸ್ಥೆ. ಅದಕ್ಕೆ ಬೇರೆ ಅರ್ಜಿ, ಸಣ್ಣ ತರಗತಿ, ಹತ್ತಿರದಿಂದ ನೋಡಿಕೊಳ್ಳುವ ಮಾರ್ಗದರ್ಶಕರು, ಕೊನೆಗೆ ಒಂದು ಪ್ರಬಂಧ. ಅಲ್ಲಿ ಈ ಪದ್ಧತಿಗೆ ಗಟ್ಟಿ ರೂಪ ಕೊಟ್ಟವರು ಸ್ವಾರ್ಥ್‌ಮೋರ್ ಕಾಲೇಜಿನ ಅಧ್ಯಕ್ಷ ಫ್ರಾಂಕ್ ಐಡೆಲಾಟ್. ಆಕ್ಸ್‌ಫರ್ಡಿನಲ್ಲಿ ಕಲಿತು ಬಂದ ಅವರು ಅಲ್ಲಿನ ಮಾದರಿಯನ್ನು 1922ರಲ್ಲಿ ತಮ್ಮ ಕಾಲೇಜಿಗೆ ತಂದರು. ಸೆಮಿನಾರಿನಲ್ಲಿ ಬೆರಳೆಣಿಕೆಯ ಮಂದಿ, ಕೊನೆಯ ಪರೀಕ್ಷೆ ಮಾಡುವವರು ಹೊರಗಿನಿಂದ ಬಂದ ಪರೀಕ್ಷಕರು.

ನಮ್ಮಲ್ಲಿ ಈಗ ಇರುವುದು ಮೂರನೆಯದು. ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024ರ ಜುಲೈಯಲ್ಲಿ ನಾಲ್ಕು ವರ್ಷದ ಪದವಿ ಶುರುವಾಯಿತು. ಕಾಸರಗೋಡು ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜು ಎಲ್ಲ ಕಣ್ಣೂರು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ, ಹಾಗಾಗಿ ಅಲ್ಲೂ ಇದೇ. ಸೇರುವಾಗ ಎಲ್ಲರೂ ಒಂದೇ ಕೋರ್ಸಿಗೆ ಸೇರುವುದು. ಪ್ರತಿ ಪೇಪರಿಗೂ ಅದರ ತೂಕಕ್ಕೆ ತಕ್ಕ ಹಾಗೆ ಇಷ್ಟು ಕ್ರೆಡಿಟ್ ಅಂತ ಉಂಟು; ಮೂರು ವರ್ಷ ಮುಗಿಸಿ 133 ಕ್ರೆಡಿಟ್ ಆದರೆ ಡಿಗ್ರಿ ಹಿಡಿದು ಹೊರಗೆ ಹೋಗಬಹುದು. ನಾಲ್ಕನೇ ವರ್ಷವೂ ಕಲಿತು 177 ಆದರೆ ಆನರ್ಸ್. ನಾಲ್ಕನೇ ವರ್ಷದಲ್ಲಿ ಸಂಶೋಧನೆ ಮಾಡಿದರೆ "ಆನರ್ಸ್ ವಿತ್ ರಿಸರ್ಚ್". ಮಾರ್ಕಿನ ತಡೆಗೋಡೆ ಇರುವುದು ಈ ಕೊನೆಯದಕ್ಕೆ: ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75.

ಆದ್ದರಿಂದ "ಬುದ್ಧಿವಂತರ ಕೋರ್ಸಿಗೆ ಸೀಟು ಸಿಕ್ಕಿತು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಆಯ್ಕೆ ನಡೆಯುವುದು ಮೂರು ವರ್ಷ ಕಳೆದ ಮೇಲೆ. ಅದಕ್ಕೆ ತಯಾರಿ ಮಾತ್ರ ಮೊದಲ ಸೆಮಿಸ್ಟರಿನಿಂದಲೇ.

ಚಂದ್ರಗಿರಿ ಹೊಳೆಬದಿ

ಟೀಚರ್ ಹೇಳಿದ 133ರ ಒಳಗೆ ಎಂತ ಉಂಟು ಅಂತ ಬಿಡಿಸಿದರೆ ಎಲ್ಲಿ ಎಡವುತ್ತಾರೆ ಅಂತ ಕಾಣುತ್ತದೆ. ಕೇರಳದ ಚೌಕಟ್ಟಿನಲ್ಲಿ ಮೇಜರ್ 17 ಪೇಪರ್, ತಲಾ 4 ಕ್ರೆಡಿಟ್, ಒಟ್ಟು 68. ಮೈನರ್, ಅಂದರೆ ಜೊತೆಗೆ ಓದುವ ವಿಷಯ, 6 ಪೇಪರ್, 24. ಫೌಂಡೇಶನ್ ಎನ್ನುವ 13 ಪೇಪರ್ (ಇಂಗ್ಲಿಷ್, ಇನ್ನೊಂದು ಭಾಷೆ, ಬಹುಶಿಸ್ತೀಯ, ಮೌಲ್ಯವರ್ಧಿತ, ಕೌಶಲ), ತಲಾ 3, ಒಟ್ಟು 39. ಇಂಟರ್ನ್‌ಶಿಪ್ 2.

ಜಾಣ ಮಕ್ಕಳು ಪೆಟ್ಟು ತಿನ್ನುವುದು ಆ 39ರಲ್ಲಿ. ಫಿಸಿಕ್ಸ್ ಮೇಜರ್ ತೆಗೆದ ಹುಡುಗಿ ಫಿಸಿಕ್ಸಿಗೆ ರಾತ್ರಿ ಹಗಲು ಕೂರುತ್ತಾಳೆ, ಭಾಷಾ ಪೇಪರನ್ನು ಪಾಸಾದರೆ ಸಾಕು ಅಂತ ಬಿಡುತ್ತಾಳೆ. ಮೊದಲ ಸೆಮಿಸ್ಟರಿನ ಲೆಕ್ಕ ಹಾಕಿ ನೋಡಿ. 4 ಕ್ರೆಡಿಟಿನ ಮೂರು, 3 ಕ್ರೆಡಿಟಿನ ಮೂರು, ಒಟ್ಟು 21. ದೊಡ್ಡ ಮೂರರಲ್ಲೂ ಗ್ರೇಡ್ ಪಾಯಿಂಟ್ ಹತ್ತಕ್ಕೆ 9, ಸಣ್ಣ ಮೂರರಲ್ಲಿ 6 ಅಂತ ಇಟ್ಟುಕೊಳ್ಳಿ. 12ನ್ನು 9ರಿಂದ ಗುಣಿಸಿದರೆ 108, 9ನ್ನು 6ರಿಂದ ಗುಣಿಸಿದರೆ 54. ಕೂಡಿಸಿದರೆ 162, ಅದನ್ನು 21ರಿಂದ ಭಾಗಿಸಿದರೆ 7.71. ಅದೇ ಸಣ್ಣ ಮೂರರಲ್ಲಿ 8 ಬಂದಿದ್ದರೆ 8.57. ಮೇಜರಿನಲ್ಲಿ ಒಂದಕ್ಷರವೂ ಹೆಚ್ಚು ಓದದೆ ಇಷ್ಟು ವ್ಯತ್ಯಾಸ! ಶೇ. 75 ಲೆಕ್ಕ ಹಾಕುವುದು ಆರು ಸೆಮಿಸ್ಟರಿನ ಒಟ್ಟು ಮೊತ್ತದ ಮೇಲೆ, ಮೇಜರಿನ ಮೇಲೆ ಮಾತ್ರ ಅಲ್ಲ. 74.9 ಬಂದರೆ ಯಾರೋ ಕರುಣೆಯಿಂದ 75 ಮಾಡಿಯಾರು ಅಂತಲೂ ಕಾಯಬಾರದು.

ಇಂಟರ್ನಲ್ ಕೂಡ ಹಾಗೆಯೇ. ಪ್ರಾಕ್ಟಿಕಲ್ ಇಲ್ಲದ 4 ಕ್ರೆಡಿಟಿನ ಪೇಪರಿನಲ್ಲಿ 30 ಇಂಟರ್ನಲ್, 70 ಕೊನೆಯ ಪರೀಕ್ಷೆ. ಅಸೈನ್‌ಮೆಂಟ್ ಎರಡು ದಿನ ತಡವಾಗಿ ಕೊಟ್ಟು ಹೋದ ಮಾರ್ಕನ್ನು ಕೊನೆಯ ಪರೀಕ್ಷೆಯಲ್ಲಿ ಹಿಡಿಯುವುದು ಬಹಳ ಕಷ್ಟ.

ಉಪ್ಪಳ ಗೇಟು

ಹಾಗಾದರೆ ಮಂಗಳೂರಿಗೆ ಹೋಗುವುದು ತಪ್ಪಾ ಸರ್? ನಮ್ಮ ಮಂಜೇಶ್ವರ ತಾಲೂಕಿನವರಿಗೆ ಕಾಸರಗೋಡಿಗಿಂತ ಮಂಗಳೂರೇ ಹತ್ತಿರ ಅನಿಸುತ್ತದೆ. ರೈಲಿದೆ, ಬಸ್ಸಿದೆ, ಕಲಿಸುವವರು ಕನ್ನಡದಲ್ಲಿ ಮಾತಾಡುತ್ತಾರೆ.

ಚಂದ್ರಗಿರಿ ಹೊಳೆಬದಿ

ತಪ್ಪು ಅಂತ ಹೇಳಲಾರೆ. ಆದರೆ ಗಡಿ ದಾಟಿದರೆ ಡಿಗ್ರಿಯ ಉದ್ದವೇ ಬದಲಾಗುತ್ತದೆ, ಅದು ಗೊತ್ತಿರಬೇಕು. ಕರ್ನಾಟಕ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ತಂದಿತ್ತು. 2024–25ರಿಂದ ಅಲ್ಲಿನ ಸರಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಲೆಕ್ಕ ಬೇರೆ, ಅವರ ಪ್ರಾಸ್ಪೆಕ್ಟಸ್ ಓದಿಯೇ ತೀರ್ಮಾನಿಸಬೇಕು.

ವರ್ಷದ ಲೆಕ್ಕ ಹೀಗೆ. ಅಲ್ಲಿ 3 ವರ್ಷ ಡಿಗ್ರಿ, 2 ವರ್ಷ ಎಂ.ಎ. ಅಥವಾ ಎಂ.ಎಸ್ಸಿ., ಒಟ್ಟು 5. ಇಲ್ಲಿ 4 ವರ್ಷ ಆನರ್ಸ್ ಮಾಡಿದವರಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಚೌಕಟ್ಟಿನಲ್ಲಿ ಒಂದು ವರ್ಷದ ಪಿ.ಜಿ. ಸಾಕು, ಒಟ್ಟು 5. ಪಿ.ಜಿ. ಮಾಡುವುದು ಖಚಿತ ಅಂತಿರುವವರಿಗೆ ಆನರ್ಸ್ ವರ್ಷ ಹೆಚ್ಚುವರಿ ಖರ್ಚಲ್ಲ, ಪಿ.ಜಿ.ಯ ಮೊದಲ ವರ್ಷವೇ ಇತ್ತ ಕಡೆ ಬಂದ ಹಾಗೆ. ಪಿ.ಜಿ. ಬೇಡ, ಕೆಲಸಕ್ಕೆ ಹೋಗಬೇಕು ಅನ್ನುವವರಿಗೆ ಮೂರು ವರ್ಷಕ್ಕೇ ಮುಗಿಸುವುದು ಒಳ್ಳೆಯದು. ಒಂದು ವರ್ಷದ ಪಿ.ಜಿ. ಎಲ್ಲ ವಿಶ್ವವಿದ್ಯಾಲಯಗಳಲ್ಲಿ ಎಲ್ಲ ವಿಷಯಕ್ಕೂ ಇರಲೇಬೇಕೆಂದಿಲ್ಲ. ನೀವು ಸೇರಲಿರುವ ಕಡೆ ನಿಮ್ಮ ವಿಷಯಕ್ಕೆ ಉಂಟಾ ಅಂತ ಆರನೇ ಸೆಮಿಸ್ಟರಿನ ಒಳಗೆ ವಿಚಾರಿಸಿ.

ರಾಜ್ಯ ಬದಲಿಸುವವರಿಗೆ ಕಾಗದದ ಕೆಲಸವೂ ಉಂಟು. ಮೈಗ್ರೇಶನ್ ಸರ್ಟಿಫಿಕೇಟ್, ಎಲಿಜಿಬಿಲಿಟಿ ಅಥವಾ ಇಕ್ವಿವೆಲೆನ್ಸಿ (ಹೊರಗಿನ ಡಿಗ್ರಿ ಇಲ್ಲಿನದಕ್ಕೆ ಸಮಾನ ಎಂಬ ಪತ್ರ), ಟಿ.ಸಿ., ಕಾಂಡಕ್ಟ್. ಕರ್ನಾಟಕದಲ್ಲಿ ಡಿಗ್ರಿ ಮಾಡಿ ಪಿ.ಜಿ.ಗೆ ಕಣ್ಣೂರು ವಿಶ್ವವಿದ್ಯಾಲಯಕ್ಕೆ ಬರುವವರು ಇಕ್ವಿವೆಲೆನ್ಸಿಗೆ ಕೊನೆಯ ವಾರದಲ್ಲಿ ಓಡಾಡಿ ಸೀಟು ಕಳೆದುಕೊಳ್ಳುವುದುಂಟು. ಮಾರ್ಕ್‌ಲಿಸ್ಟ್ ಬಂದ ದಿನವೇ ಅರ್ಜಿ ಹಾಕಿ.

ಪೆರ್ಲ ಪೇಟೆ

ಎರಡು ಶೇ. 75 ಇರುವುದನ್ನು ಯಾರೂ ಹೇಳಲಿಲ್ಲ, ಅದನ್ನು ಸೇರಿಸುತ್ತೇನೆ. ಒಂದು, ಆರು ಸೆಮಿಸ್ಟರ್ ಮುಗಿಯುವಾಗ ರಿಸರ್ಚ್ ಕವಲಿಗೆ ಹೋಗಲು ಬೇಕಾದದ್ದು. ಇನ್ನೊಂದು, ಎಂಟು ಸೆಮಿಸ್ಟರ್ ಮುಗಿದ ಡಿಗ್ರಿಯಲ್ಲಿ ಬೇಕಾದದ್ದು. ಯುಜಿಸಿಯ 2022ರ ಪಿಎಚ್.ಡಿ. ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ. 75 ಇದ್ದರೆ ಎಂ.ಎ. ಇಲ್ಲದೆ ನೇರ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. 2024ರ ಜೂನ್ ಸುತ್ತಿನಿಂದ ಕಾಲೇಜು ಅಧ್ಯಾಪಕರಾಗಲು, ಸಂಶೋಧನಾ ಫೆಲೋಶಿಪ್ ಪಡೆಯಲು ಬರೆಯುವ ನೆಟ್ ಪರೀಕ್ಷೆಗೂ ಈ ದಾರಿ ತೆರೆದಿದೆ. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಒಬಿಸಿ, ಅಂಗವಿಕಲ ಅಭ್ಯರ್ಥಿಗಳಿಗೆ ಇಲ್ಲಿ ಶೇ. 5 ಸಡಿಲಿಕೆ ಉಂಟು. ಆ ಫೆಲೋಶಿಪ್, ಅಂದರೆ ಜೆಆರ್‌ಎಫ್, ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ. ನಮ್ಮ ಹಳ್ಳಿಯ ಮನೆಗಳಲ್ಲಿ "ಇನ್ನೂ ಎಷ್ಟು ವರ್ಷ ಓದುವುದು" ಎಂಬ ಪ್ರಶ್ನೆಗೆ ಇದು ದೊಡ್ಡ ಉತ್ತರ.

ರಿಸರ್ಚ್ ಕವಲಿಗೆ ಸೇರದೆ ಬರೀ ಆನರ್ಸ್ ಮಾಡಿದವರಿಗೂ ಎಂಟು ಸೆಮಿಸ್ಟರಿನ ಶೇ. 75 ಇದ್ದರೆ ಈ ಬಾಗಿಲು ಮುಚ್ಚಿಲ್ಲ. ಯುಜಿಸಿ ಚೌಕಟ್ಟಿನಲ್ಲಿ ರಿಸರ್ಚ್ ಪ್ರಾಜೆಕ್ಟ್ 12 ಕ್ರೆಡಿಟ್, ಮಾಡದವರು ಅದರ ಬದಲಿಗೆ ಅಷ್ಟೇ ಕ್ರೆಡಿಟಿನ ಮೂರು ಪೇಪರ್ ಓದುತ್ತಾರೆ. ಆದರೆ ಪಿಎಚ್.ಡಿ. ಸಂದರ್ಶನದಲ್ಲಿ ಕೂತಾಗ ಒಂದು ಪ್ರಬಂಧ ಬರೆದವನ ಮಾತಿಗೂ ಬರೆಯದವನ ಮಾತಿಗೂ ಬಹಳ ವ್ಯತ್ಯಾಸ ಇರುತ್ತದೆ.

ಮಧೂರು ದಾರಿ

ಕನ್ನಡದ ವಿಷಯ? ಕನ್ನಡ ಮೇಜರ್ ಮಾಡಿ ಟೀಚರ್ ಆಗಬೇಕು ಅನ್ನುವ ಮಕ್ಕಳೇ ಇಲ್ಲಿ ಹೆಚ್ಚು.

ನೆಲ್ಲಿಕುಂಜೆ ಟೀಚರ್

ಟೀಚರ್ ಕೆಲಸವೇ ಗುರಿಯಾದರೆ ಲೆಕ್ಕ ಬೇರೆ. ಹೈಸ್ಕೂಲಿನ ಕನ್ನಡ ಎಚ್.ಎಸ್.ಎ. ಹುದ್ದೆಗೆ ಕನ್ನಡ ಡಿಗ್ರಿ, ಬಿ.ಎಡ್., ಕೆ-ಟೆಟ್ (ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ) ಬೇಕು. ಅದಕ್ಕೆ ನಾಲ್ಕನೇ ವರ್ಷ ಬೇಡ. ಹೈಯರ್ ಸೆಕೆಂಡರಿಗೆ ಪಿ.ಜಿ., ಬಿ.ಎಡ್., ಆ ಹಂತದ ಅರ್ಹತಾ ಪರೀಕ್ಷೆಯಾದ ಸೆಟ್ ಬೇಕು. ಆನರ್ಸ್ ಅಂದರೆ ಪಿ.ಜಿ. ಅಲ್ಲ, ಅದೊಂದನ್ನೇ ಹಿಡಿದು ಪಿಎಸ್‌ಸಿಗೆ ಅರ್ಜಿ ಹಾಕಿದರೆ ತಿರಸ್ಕಾರವಾಗುತ್ತದೆ. ಕಾಲೇಜಿನಲ್ಲಿ ಕಲಿಸಬೇಕು, ಸಂಶೋಧನೆ ಮಾಡಬೇಕು ಅನ್ನುವವರಿಗೆ ನಾಲ್ಕನೇ ವರ್ಷ ಚಿನ್ನದಂಥದ್ದು.

ಕನ್ನಡ ಮೇಜರಿನ ಜಾಣ ಮಕ್ಕಳಿಗೆ ನಾನು ಒತ್ತಿ ಹೇಳುವುದು ಮೈನರ್ ಆಯ್ಕೆಯ ಬಗ್ಗೆ. ಇತಿಹಾಸ ತೆಗೆದುಕೊಂಡರೆ ಶಾಸನ, ಕುಂಬಳೆ ಸೀಮೆ, ಬೇಕಲ ಕೋಟೆ ಎಲ್ಲ ಪ್ರಬಂಧಕ್ಕೆ ಹತ್ತಿರ ಬರುತ್ತದೆ. ಕಂಪ್ಯೂಟರ್ ತೆಗೆದುಕೊಂಡರೆ ಕನ್ನಡ ಪಠ್ಯವನ್ನು ಯಂತ್ರಕ್ಕೆ ಓದಿಸುವ ಕೆಲಸಕ್ಕೆ ಹಾದಿ. ಗೆಳತಿ ತೆಗೆದಳು ಅಂತ ಮೈನರ್ ತೆಗೆದರೆ 24 ಕ್ರೆಡಿಟ್ ಸುಮ್ಮನೆ ಹೋದ ಹಾಗೆ.

ಬಾಯಾರು ಪದವು

ನಾಲ್ಕನೇ ವರ್ಷದ ಪ್ರಾಜೆಕ್ಟ್ ಅಂದರೆ ಏನು ಅಂತ ಇಲ್ಲಿಯವರೆಗೆ ಯಾರೂ ಹತ್ತಿರದಿಂದ ತೋರಿಸಲಿಲ್ಲ, ಆನರ್ಸ್‌ನ ಜೀವ ಇರುವುದೇ ಅಲ್ಲಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗಗಳಿವೆ, ಅದರ ನೀರಿನಲ್ಲೇ ತೋಟ ಬದುಕುತ್ತದೆ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗವೂ ಉಂಟು. "ಬೇಸಿಗೆಯಲ್ಲಿ ಸುರಂಗದ ನೀರು ಎಷ್ಟು ಇಳಿಯುತ್ತದೆ, ಯಾಕೆ?" ಎಂಬ ಪ್ರಶ್ನೆ ಡಿಗ್ರಿ ಪ್ರಾಜೆಕ್ಟಿಗೆ ಸರಿಯಾದ ಗಾತ್ರದ್ದು.

ಮಾಡುವುದು ಹೇಗೆ? ಸುರಂಗದ ಬಾಯಲ್ಲಿ ನೀರು ಬೀಳುವ ಅಡಿಕೆ ಹಾಳೆಯ ಅಥವಾ ಪೈಪಿನ ಕೆಳಗೆ 10 ಲೀಟರಿನ ಬಾಲ್ದಿ ಇಡಿ. ತುಂಬಲು ಹಿಡಿದ ಸೆಕೆಂಡನ್ನು ಮೊಬೈಲಿನಲ್ಲಿ ನೋಡಿ, ಮೂರು ಸಲ ಅಳೆದು ಸರಾಸರಿ ತೆಗೆಯಿರಿ. 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 15 ಲೀಟರ್, ಗಂಟೆಗೆ 900, ದಿನಕ್ಕೆ 21,600. ವಾರಕ್ಕೊಂದು ಸಲ, ಒಂದೇ ಹೊತ್ತಿಗೆ, ಕನಿಷ್ಠ ಐದಾರು ಸುರಂಗಗಳಲ್ಲಿ. ಜೊತೆಗೆ ಗುಡ್ಡದ ಮೇಲೆ ರಬ್ಬರಾ, ಗೇರಾ, ಕಾಡಾ, ಬೋಳಾ, ಹತ್ತಿರ ಬೋರ್‌ವೆಲ್ ಉಂಟಾ, ಎಷ್ಟು ಅಡಿ, ಇದನ್ನೆಲ್ಲ ಬರೆದಿಡಿ. ಒಳಗೆ ಹೋಗಿ ಅಳೆಯುವ ಸಾಹಸ ಬೇಡ. ಹಳೆಯ ಸುರಂಗದಲ್ಲಿ ಮಣ್ಣು ಕುಸಿಯುತ್ತದೆ, ಗಾಳಿಯೂ ಕಡಿಮೆ. ಅಳತೆಯೆಲ್ಲ ಬಾಯಲ್ಲೇ.

ಇದು ಹಾಳಾಗುವುದು ಎಲ್ಲಿ? ಪ್ರಾಜೆಕ್ಟ್ ಎಂಟನೇ ಸೆಮಿಸ್ಟರಿನಲ್ಲಿ ಅಂತ ಇರುತ್ತದೆ, ವಿದ್ಯಾರ್ಥಿ ಆಗಲೇ ಶುರು ಮಾಡುತ್ತಾನೆ. ಅಷ್ಟು ಹೊತ್ತಿಗೆ ಮಳೆಗಾಲ ಕಳೆದಿರುತ್ತದೆ. ಮಳೆ ನಿಂತ ಕೂಡಲೇ ಎಷ್ಟಿತ್ತು ಅಂತ ಗೊತ್ತಿಲ್ಲದೆ ಬೇಸಿಗೆಯಲ್ಲಿ ಎಷ್ಟು ಇಳಿಯಿತು ಅಂತ ಹೇಳುವುದು ಹೇಗೆ? ಅಳತೆ ಏಳನೇ ಸೆಮಿಸ್ಟರಿನಲ್ಲಿ, ಸೆಪ್ಟೆಂಬರ್ ಅಕ್ಟೋಬರಿನಲ್ಲೇ ಶುರುವಾಗಬೇಕು. ಅದಕ್ಕೆ ಗೈಡ್ ಯಾರು ಅಂತ ಆರನೇ ಸೆಮಿಸ್ಟರಿನಲ್ಲೇ ನಿಶ್ಚಯವಾಗಿರಬೇಕು. ತೋಟದ ಯಜಮಾನರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ, ನಡುವೆ ಬೇಡ ಅಂದರೆ ಆರು ತಿಂಗಳ ಕೆಲಸ ಹೋಗುತ್ತದೆ.

ಅನಂತಪುರ ಕೆರೆ

ಪದವು ಅಣ್ಣ ಹೇಳಿದ್ದು ವಿಜ್ಞಾನಕ್ಕೆ. ಭಾಷೆಯ ಪ್ರಾಜೆಕ್ಟಿಗೂ ಅದೇ ಎಚ್ಚರ ಬೇಕು. ಕಾಸರಗೋಡಿನ ಕನ್ನಡದಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಹೇಗೆ ಸೇರಿವೆ ಅಂತ ಅಧ್ಯಯನ ಮಾಡಲು ಆಸೆಪಡುವವರು ತುಂಬ. ಒಳ್ಳೆಯ ವಿಷಯ, ಆದರೆ ಹರವು ದೊಡ್ಡದಾಗಿ ಮುಳುಗುತ್ತಾರೆ. ಅಡುಗೆಮನೆಯ ನೂರು ಶಬ್ದ, ಐದು ಊರು, ಊರಿಗೆ ನಾಲ್ಕು ಮಂದಿ, ಅಷ್ಟಕ್ಕೆ ನಿಲ್ಲಿಸಿ. ಒಂದು ಗಂಟೆಯ ರೆಕಾರ್ಡಿಂಗನ್ನು ಬರಹಕ್ಕೆ ಇಳಿಸಲು ಆರೆಂಟು ಗಂಟೆ ಹಿಡಿಯುತ್ತದೆ. ಇಪ್ಪತ್ತು ಗಂಟೆ ರೆಕಾರ್ಡ್ ಮಾಡಿ ತಂದವರು ಅದನ್ನು ಕೇಳುವಷ್ಟರಲ್ಲೇ ಸೆಮಿಸ್ಟರ್ ಮುಗಿಯುತ್ತದೆ.

ಇನ್ನೊಂದು ಸಣ್ಣ ಸಂಗತಿ, ತೊಂದರೆ ಮಾತ್ರ ದೊಡ್ಡದು. ಪ್ರಬಂಧವನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಬೇಡಿ, ಯೂನಿಕೋಡಿನಲ್ಲೇ ಮಾಡಿ. ಹಳೆಯ ಫಾಂಟಿನ ಕಡತವನ್ನು ಕೃತಿಚೌರ್ಯ ನೋಡುವ ಸಾಫ್ಟ್‌ವೇರ್ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಅಂತ ಓದುತ್ತದೆ, ರಿಪೋರ್ಟು ಅರ್ಥವಿಲ್ಲದ್ದು ಬರುತ್ತದೆ. ಕೊನೆಯ ವಾರದಲ್ಲಿ ಪರಿವರ್ತನೆ ಮಾಡಿದರೆ ಒತ್ತಕ್ಷರ, ಅರ್ಕಾವೊತ್ತು ಎಲ್ಲ ಚದುರಿ ಪುಟಪುಟ ತಿದ್ದಬೇಕಾಗುತ್ತದೆ. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅದರ ಮೇಲೆ ಶೇ. 40ರವರೆಗೆ ಹೋದರೆ ತಿದ್ದಿ ಕೊಡಬೇಕು, ಅದನ್ನೂ ಮೀರಿದರೆ ಶಿಕ್ಷೆ ಇನ್ನೂ ಕಠಿಣ.

ಉಪ್ಪಳ ಗೇಟು

ಗೈಡ್ ಸಿಗದಿದ್ದರೆ?

ಬಾಯಾರು ಪದವು

ಅದು ನಿಜವಾದ ತೊಡಕು. ರಿಸರ್ಚ್ ಕವಲು ನಡೆಸಲು ವಿಭಾಗದಲ್ಲಿ ಪಿಎಚ್.ಡಿ. ಇರುವ ಅಧ್ಯಾಪಕರು ಬೇಕು, ಒಬ್ಬರು ನೋಡಿಕೊಳ್ಳಬಹುದಾದ ವಿದ್ಯಾರ್ಥಿಗಳಿಗೂ ಮಿತಿ ಉಂಟು. ಗೆಸ್ಟ್ ಲೆಕ್ಚರರ್‌ಗಳೇ ಹೆಚ್ಚಿರುವ ವಿಭಾಗಗಳಲ್ಲಿ ಶೇ. 80 ಬಂದವರಿಗೂ ಅವಕಾಶ ಇಲ್ಲದೆ ಹೋಗಬಹುದು. ಕಾಲೇಜು ಆರಿಸುವಾಗಲೇ ಎರಡು ಪ್ರಶ್ನೆ ಕೇಳಿ: ಈ ವಿಭಾಗದಲ್ಲಿ ನಾಲ್ಕನೇ ವರ್ಷ ನಡೆಯುತ್ತದಾ, ರಿಸರ್ಚ್ ಕವಲು ಉಂಟಾ. ಉತ್ತರ ಸ್ಪಷ್ಟ ಇಲ್ಲದಿದ್ದರೆ ಕಾಲೇಜಿನ ನಾಲ್ಕು ವರ್ಷದ ಪದವಿಯ ನೋಡಲ್ ಅಧಿಕಾರಿಯನ್ನು ಕಾಣಿ. ಕಟ್ಟಡ ಚಂದ ಉಂಟು, ಬಸ್ಸು ಬಾಗಿಲಿಗೆ ಬರುತ್ತದೆ ಅನ್ನುವುದಕ್ಕಿಂತ ಇದು ಮುಖ್ಯ.

ಪೆರ್ಲ ಪೇಟೆ

ನಾಲ್ಕನೇ ವರ್ಷದವರೆಗೆ ಕಾಯದೆ ಸಿಗುವುದೂ ಉಂಟು. ಸರಕಾರಿ, ಅನುದಾನಿತ ಕಾಲೇಜುಗಳಲ್ಲಿ ಕೇರಳದ ಕಾಲೇಜು ಶಿಕ್ಷಣ ಇಲಾಖೆಯ "ವಾಕ್ ವಿತ್ ಎ ಸ್ಕಾಲರ್" ಯೋಜನೆ ನೋಡಿ. ಟೀಚರ್ ಹೇಳಿದ ಅಮೆರಿಕದ ಮಾದರಿಗೆ ನಮ್ಮಲ್ಲಿ ಅತಿ ಹತ್ತಿರದ್ದು ಇದೇ. ಮೊದಲ ವರ್ಷದಲ್ಲಿ ಆಯ್ಕೆ, ಸಣ್ಣ ಗುಂಪಿಗೆ ಒಬ್ಬ ಮೆಂಟರ್, ಹೊರಗಿನ ತಜ್ಞರ ತರಗತಿ. ನೋಟಿಸ್ ಬೋರ್ಡಿನಲ್ಲಿ ಒಂದು ವಾರ ಇದ್ದು ಹೋಗುತ್ತದೆ, ಕಣ್ಣಿಟ್ಟಿರಬೇಕು.

ಹಣದ ಸಹಾಯ: ಮೂಲವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನ, ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 20,000 ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿಗೆ. ಪ್ಲಸ್ ಟು ಪರೀಕ್ಷೆಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ. 1ರಲ್ಲಿ ಬಂದವರಿಗೆ. ಬಿ.ಕಾಂ., ಬಿಸಿಎಗೆ ಇಲ್ಲ. ಕೇರಳ ಉನ್ನತ ಶಿಕ್ಷಣ ಪರಿಷತ್ತಿನದ್ದು ಡಿಗ್ರಿಗೆ ವರ್ಷಕ್ರಮದಲ್ಲಿ 12,000, 18,000, 24,000. ಬೇಸಿಗೆ ರಜೆಗೆ ಬೆಂಗಳೂರಿನ ವಿಜ್ಞಾನ ಅಕಾಡೆಮಿ ಮತ್ತು ಉಳಿದೆರಡು ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಉಂಟು. ಬೇಸಿಗೆಯದ್ದಾದರೂ ಅರ್ಜಿ ಹಿಂದಿನ ವರ್ಷದ ಕೊನೆಗೇ ಹಾಕಬೇಕು, ಏಪ್ರಿಲಿನಲ್ಲಿ ಹುಡುಕಿದರೆ ಏನೂ ಇಲ್ಲ. ಸಸ್ಯಶಾಸ್ತ್ರದವರಿಗೆ ಇಂಟರ್ನ್‌ಶಿಪ್ ಕೇಳಲು ನಮ್ಮ ಊರಲ್ಲೇ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇದೆ, ತೆಂಗು, ಅಡಿಕೆ, ಕೊಕ್ಕೋ ಎಲ್ಲ ಅಲ್ಲೇ. ವಿಭಾಗದ ಮುಖ್ಯಸ್ಥರ ಪತ್ರ ಜೊತೆಗಿರಲಿ.

ಚಂದ್ರಗಿರಿ ಹೊಳೆಬದಿ

ಕೊನೆಗೆ ಒಂದು ಕಾಗದದ ವಿಷಯ. ಎಲ್ಲ ಕ್ರೆಡಿಟ್ ಹೋಗಿ ಕೂರುವುದು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ಆನ್‌ಲೈನ್ ಖಾತೆಯಲ್ಲಿ. ಡಿಜಿಲಾಕರಿನಲ್ಲಿ 12 ಅಂಕಿಯ ಐಡಿ ಮಾಡಬೇಕು. ನಮ್ಮ ಕಡೆ ಇಲ್ಲಿ ತಪ್ಪದೆ ಆಗುವ ಎಡವಟ್ಟು ಹೆಸರಿನದ್ದು: ಎಸ್ಸೆಸ್ಸೆಲ್ಸಿಯಲ್ಲಿ "ಕೆ." ಎಂಬ ಇನಿಶಿಯಲ್, ಆಧಾರಿನಲ್ಲಿ ಮನೆತನದ ಹೆಸರು ಪೂರ್ತಿ, ಅಥವಾ ಮಲಯಾಳದಿಂದ ಇಂಗ್ಲಿಷಿಗೆ ಬರೆದಾಗ ಬದಲಾದ ಸ್ಪೆಲ್ಲಿಂಗ್. ಹೆಸರು, ಹುಟ್ಟಿದ ದಿನ ಹೊಂದದಿದ್ದರೆ ಕ್ರೆಡಿಟ್ ಸೇರುವುದಿಲ್ಲ. ಅಡ್ಮಿಶನ್ನಿಗೆ ಮೊದಲೇ ಅಕ್ಷಯ (ಕೇರಳ ಸರಕಾರದ ಆನ್‌ಲೈನ್ ಸೇವೆಯ) ಕೇಂದ್ರದಲ್ಲಿ ಆಧಾರನ್ನು ಎಸ್ಸೆಸ್ಸೆಲ್ಸಿ ಪುಸ್ತಕದಂತೆ ತಿದ್ದಿಸಿ.

ಕೇಂದ್ರ ಸರಕಾರದ ಸ್ವಯಂ ಪೋರ್ಟಲಿನಲ್ಲಿ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕೋರ್ಸ್ ಮಾಡುವವರೂ ಗಮನಿಸಿ. 4 ವಾರದ್ದಕ್ಕೆ 1 ಕ್ರೆಡಿಟ್, 8 ವಾರದ್ದಕ್ಕೆ 2, 12 ವಾರದ್ದಕ್ಕೆ 3. ಕಲಿಯುವುದು ಉಚಿತ, ಪರೀಕ್ಷೆಗೆ ಶುಲ್ಕ ಉಂಟು. ಆ ಕೋರ್ಸನ್ನು ಡಿಗ್ರಿಗೆ ಲೆಕ್ಕ ಹಿಡಿಯುತ್ತಾರಾ ಅಂತ ಸೇರುವ ಮೊದಲೇ ಕಾಲೇಜಿನಿಂದ ಬರಹದಲ್ಲಿ ತೆಗೆದುಕೊಳ್ಳಿ.

ಮಧೂರು ದಾರಿ

ಉಪಕಾರ ಎಲ್ಲರಿಗೂ. ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಪುಸ್ತಕ ಎರಡನ್ನೂ ಈಗಲೇ ಪಕ್ಕಪಕ್ಕ ಇಟ್ಟು ನೋಡಿದೆವು, ಇನಿಶಿಯಲ್ ಬೇರೆಯೇ ಉಂಟು. ನಾಳೆ ಅಕ್ಷಯಕ್ಕೆ.